ಹೊಸ ವಾಯರಿಗೆ ಹಳೆಯ ಧೂಳು

ಸವಣೂರಿನ ವಾಯರಿಂಗ್ ಮಿಸ್ತ್ರಿಯೊಬ್ಬರು ಗಾಡಿಗಳಿಗೆ ಜಿಪಿಎಸ್ ಕೂರಿಸಿದ ಮೇಲೆ, ವಾಯರಿಗೆ ಸುತ್ತಿದ ಹೊಸ ಟೇಪಿಗೆ ಡ್ಯಾಶ್‌ಬೋರ್ಡಿನೊಳಗಿನ ಧೂಳನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. "ಹೊಸಾದು ಕಾಣಬಾರದ್ರಿ" ಎನ್ನುವುದು ಅವರ ಖಾಯಂ ಮಾತು.

"ಗಾಡಿ ತೊಳದು ತಂದೇನ್ರಿ ಮಿಸ್ತ್ರಿ, ಮತ್ಯಾಕ ಹೊಲಸು ಹಚ್ಚಾಕತ್ತೀರಿ?" ಎಂದು, ನಮ್ಮ ಗಾಡಿಗೆ ಜಿಪಿಎಸ್ ಕೂರಿಸಿದ ದಿನ ನನ್ನ ಅಣ್ಣ ನಕ್ಕಿದ್ದ. ನಮ್ಮ ಮನೆ ನಡೆಯುತ್ತಿದ್ದುದು ಆ ಒಂದು ಪಿಕಪ್ ಗಾಡಿಯಿಂದಲೇ.

ಕಳೆದ ವರ್ಷ ಅದು ಕಳುವಾಯಿತು. ಕಳ್ಳರು ಜಿಪಿಎಸ್ ಹುಡುಕಲು ಡ್ಯಾಶ್‌ಬೋರ್ಡ್ ಬಿಚ್ಚಿ, ಹೊಸದಾಗಿ ಕಂಡ ವಾಯರುಗಳನ್ನೆಲ್ಲ ಕತ್ತರಿಸಿದ್ದರು. ಧೂಳು ಮೆತ್ತಿದ್ದನ್ನು ಮುಟ್ಟಿರಲಿಲ್ಲ. ಅಣ್ಣನ ಮೊಬೈಲಿನಲ್ಲಿ ಗಾಡಿ ಇರುವ ಜಾಗ ತೋರಿಸುವ ಚುಕ್ಕೆ ರಟ್ಟೀಹಳ್ಳಿಯ ಬಳಿ ನಿಂತಿತು. ಪೊಲೀಸರು ಅಲ್ಲಿಂದಲೇ ಗಾಡಿ ತಂದರು.

ಸುದ್ದಿ ಕೇಳಿ ಬಂದ ಮಿಸ್ತ್ರಿ ಮೊದಲು ಡ್ಯಾಶ್‌ಬೋರ್ಡಿನೊಳಗೆ ಕೈಹಾಕಿ ತಮ್ಮ ಟೇಪನ್ನು ತಡವಿದರು. ಧೂಳು ಹತ್ತಿದ ಬೆರಳನ್ನು ಅಣ್ಣನಿಗೆ ತೋರಿಸಿದರು.

"ಹೊಲಸು ಒರಸ್ಲೇನ್ರಿ ಈಗ?"

"ಬ್ಯಾಡ್ರಿ ಮಿಸ್ತ್ರಿ, ಇನ್ನೊಂದೀಟು ಹಚ್ರಿ."