ಕ್ಯಾಮೆರಾ ಚೀಲಕ್ಕೆ ಬಿದ್ದ ಲಾಟ್ ನಂಬರ್

ಸ್ನೇಹಿತರೇ, ಕ್ಯಾಮೆರಾ ಚೀಲ ನೋಡಲು ಕ್ಯಾಮೆರಾ ಚೀಲದಂತಿರಬಾರದು, ಪ್ರಯಾಣದಲ್ಲಿ ಕಳ್ಳರ ಕಣ್ಣು ಬೀಳುತ್ತದೆ ಎಂದು ನೀವೇ ಬುದ್ಧಿ ಹೇಳಿದ್ದಿರಿ. ಹಾಗಾಗಿ ರಾಣೆಬೆನ್ನೂರಿನ ಅಂಗಡಿಯಲ್ಲಿ ಕಪ್ಪಗೆ ಮಿರುಗುವ ಚೀಲಗಳನ್ನೆಲ್ಲ ಬಿಟ್ಟು, ಗೋಣಿತಟ್ಟಿನ ಬಣ್ಣದ್ದೊಂದನ್ನು ಆರಿಸಿದ್ದೆ.

ಇವತ್ತು ಬ್ಯಾಡಗಿ ಮಾರುಕಟ್ಟೆಯಲ್ಲಿ ಅದನ್ನು ಮೆಣಸಿನಕಾಯಿ ಚೀಲಗಳ ಸಾಲಿನ ಪಕ್ಕ, ಹೆಗಲಪಟ್ಟಿ ಕೆಳಗಾಗಿ ಮಲಗಿಸಿ, ನಾಲ್ಕು ಹೆಜ್ಜೆ ಆಚೆ ಫೋಟೊ ತೆಗೆಯುತ್ತಿದ್ದೆ. ತಿರುಗಿ ನೋಡಿದರೆ ಅದರ ಮೇಲೂ ಯಾರೋ ಅವಸರದಲ್ಲಿ, ಮಾರಾಟಕ್ಕಿಟ್ಟ ಮಾಲಿಗೆ ಹಾಕುವ ಲಾಟ್ ನಂಬರಿನ ಚೀಟಿ ಸಿಕ್ಕಿಸಿ ಹೋಗಿದ್ದಾರೆ. ಟೆಂಡರಿನಲ್ಲಿ ಬೆಲೆ ಹಾಕುವ ಮೊದಲು ಮಾಲು ನೋಡಲು ಬಂದ ವ್ಯಾಪಾರಿಯೊಬ್ಬರು ಅದರ ಮುಂದೆಯೇ ಕುಕ್ಕರಗಾಲಲ್ಲಿ ಕುಳಿತಿದ್ದರು. ಒಳಗೆ ನನ್ನ ಎರಡು ಲೆನ್ಸ್ ಇದ್ದವು, ಓಡಿಹೋಗಿ ತಡೆಯಬೇಕಿತ್ತು. ಏನನ್ನುತ್ತಾರೋ ನೋಡೋಣ ಎಂಬ ಕುತೂಹಲಕ್ಕೆ ಸುಮ್ಮನೆ ಹತ್ತಿರ ಹೋಗಿ ನಿಂತೆ.

ಲೆನ್ಸಿಗೆ ಪೆಟ್ಟಾಗದಿರಲೆಂದು ಒಳಗೆ ಸ್ಪಂಜು ಹಾಕಿರುತ್ತಾರಲ್ಲ, ಅದನ್ನು ವ್ಯಾಪಾರಿ ಹೊರಗಿನಿಂದಲೇ ಎರಡು ಸಲ ಒತ್ತಿದರು.

“ಯಾರ ಮಾಲ್ರಿ ಇದು?”

“ನಂದ್ರಿ.”

“ಭಾಳ ಮೆತ್ತಗ ಐತ್ರಿ. ಇನ್ನೂ ಹಸಿ ಐತಿ. ಎರಡು ದಿನ ಬಿಸಲಿಗೆ ಹಾಕಿ ತರ್ರಿ.”

ಅಷ್ಟು ಹೇಳಿ ಮುಂದಿನ ಚೀಲಕ್ಕೆ ಹೋದರು.

ನಿಮ್ಮ ಸಲಹೆ ಫಲಿಸಿತು. ಇನ್ನು ಕಳ್ಳರ ಭಯವಿಲ್ಲ, ಹಸಿ ಮಾಲನ್ನು ಬ್ಯಾಡಗಿಯಲ್ಲಿ ಯಾರೂ ಮುಟ್ಟುವುದಿಲ್ಲ.