ಎಲ್ಲರಿಗೂ ಒಂದೊಂದು ಸೀನು

ದಯಾಕರಣ್ಣ ಸಿನಿಮಾ ತೆಗೆಯುವವರು. ಕಥೆ ಎಂತದೆಂದು ಕೇಳಿದರೆ ಕಥೆ ಹೇಳುವುದಿಲ್ಲ, ಯಾರಿಗೆ ಯಾವ ಸೀನು ಎಂದು ಹೇಳುತ್ತಾರೆ. ಮಣಿಪಾಲದ ಕಾಲೇಜು ಮಕ್ಕಳಿಗೆ ಹೊಡೆದಾಟ, ಕಾರ್ಕಳದವರಿಗೆ ನಗೆ, ದುಬೈಗೆ ಹೋದ ನಮ್ಮೂರವರಿಗೆ ಕಾಪುವಿನ ಕಡಲು ಮತ್ತು ಬಂಗುಡೆ ಸಾರು, ಹೆಂಗಸರಿಗೆ ಒಂದು ಸಾವು. “ಸಾವಿಲ್ಲದಿದ್ದರೆ ಹೆಂಗಸರು ಬರುವುದಿಲ್ಲ ಮಾರಾಯ್ರೆ” ಎನ್ನುತ್ತಾರೆ. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ಪಂಕ್ತಿಯನ್ನು ನೋಡುತ್ತಾರೆ, ಊಟ ಮುಗಿದವರ ಒದ್ದೆ ಕೈಗೇ ಟಿಕೆಟು ಕೊಡುತ್ತಾರೆ. ನನ್ನ ಗಂಡ ಲಿಗೋರಿ ತೀರಿದ ದಿನ ಇಗರ್ಜಿಯ ಹೊರಗೆ ನಿಂತ ಜನರನ್ನು ನೋಡಿ, “ಮೊದಲ ಶೋಗೆ ಇಷ್ಟು ಜನ ಬಂದರೆ ಸಾಕಿತ್ತು” ಎಂದರು. ನನಗೆ ಸಿಟ್ಟು ಬಂದಿತ್ತು. ಆದರೂ ಅವರ ಶೂಟಿಂಗಿಗೆ ಅಡುಗೆ ಮಾಡುವುದು ನಮ್ಮ ಕೆಲಸ, ಬಿಡಲಾಗಲಿಲ್ಲ. ಲಿಗೋರಿ ಇದ್ದಾಗ ಒಮ್ಮೆ ಈ ಸಿನಿಮಾದ ಮದುವೆ ಸೀನಿಗೆ ಜನ ಸಾಲದೆ ಅವರನ್ನೂ ಊಟಕ್ಕೆ ಕೂರಿಸಿದ್ದರು. ಕ್ಯಾಮೆರಾ ನೋಡಬೇಡಿ ಎಂದು ಎಷ್ಟು ಹೇಳಿದರೂ ಅವರು ತಲೆಯೆತ್ತಿ ನೋಡಿ ನಕ್ಕಿದ್ದರು. ಕ್ಯಾಮೆರಾದ ಹಿಂದೆ ಅನ್ನದ ಪಾತ್ರೆ ಹಿಡಿದು ನಾನು ನಿಂತಿದ್ದೆ. ಅವರು ಹೋದ ಮೇಲೆ ಒಂದು ದಿನ ಎಡಿಟಿಂಗ್ ಕೋಣೆಗೆ ಊಟ ಕೊಂಡುಹೋದಾಗ ಪರದೆಯಲ್ಲಿ ಅದೇ ನಗು ಇತ್ತು. ಎಡಿಟರ್ ಹುಡುಗ, “ಇದು ತಪ್ಪು ಶಾಟು, ತೆಗೆಯುತ್ತೇನೆ. ಇದು ಯಾರಿಗೆ ಬೇಕು?” ಎಂದ. ದಯಾಕರಣ್ಣ ನನ್ನ ಕಡೆ ತಿರುಗಲಿಲ್ಲ. “ಇರಲಿ ಮಾರಾಯ, ಅದಕ್ಕೆ ಒಬ್ಬರು ಪ್ರೇಕ್ಷಕರು ಉಂಟು” ಎಂದರು. ಆಮೇಲೆ ಕಿಸೆಯಿಂದ ಟಿಕೆಟುಗಳನ್ನು ತೆಗೆದು ನನ್ನ ಕೈಗೆ ಕೊಟ್ಟು, “ಬಾಯಮ್ಮ, ನೆರೆಮನೆಯವರನ್ನೂ ಕರೆದುಕೊಂಡು ಬನ್ನಿ” ಎಂದರು. ಸಿನಿಮಾ ಉಡುಪಿಯಲ್ಲಿ ಹೆಚ್ಚು ದಿನ ಓಡಲಿಲ್ಲ. ಓಡಿದಷ್ಟು ದಿನ ನಾನು ಹೋದೆ.