ಸೊಕ್ಕೆಯಿಂದ ಬಂದ ವಜ್ರ

ಹೊನ್ನಾಳಿಯ ಮೌನೇಶಾಚಾರ್ ಅಂಗಡಿಗೆ ನಿಶ್ಚಿತಾರ್ಥದ ಉಂಗುರಕ್ಕೆಂದು ಹಳೆಯ ವಜ್ರ ಬಂದರೆ, ಅದು ಮೊದಲು ಭೀಮಕ್ಕನ ಮಣಿಕಟ್ಟಿಗೆ ಹೋಗುತ್ತದೆ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ಮಾತು ಈ ಕಡೆ ಇನ್ನೂ ಇದೆ. ಬಟ್ಟೆಯಲ್ಲಿ ಸುತ್ತಿ, ಮೂರು ದಿನ ಕೈಗೆ ಕಟ್ಟಿಕೊಂಡು ನೋಡಬೇಕು. ಕೆಡುಕು ಕಂಡರೆ ಕಲ್ಲು ವಾಪಸ್. ಮದುವೆಯಾಗುವ ಹುಡುಗಿಯ ಕೈಗೆ ಕಟ್ಟಿ ನೋಡಲು ಯಾರಿಗೆ ಧೈರ್ಯ?

“ಆಯಮ್ಮಂಗೆ ಇನ್ನೇನಾಗಾಕೈತೆ ಬಿಡ್ರಿ, ಆಗೋದೆಲ್ಲ ಆಗೈತೆ” ಎಂದು ಆಚಾರಿ ಗಿರಾಕಿಗಳಿಗೆ ಹೇಳುವುದು ಭೀಮಕ್ಕನಿಗೂ ಗೊತ್ತು. “ಸತ್ತರೆ ಹೇಳಿಕಳಿಸ್ತೀನಿ, ಬಂದು ಕಲ್ಲು ಬಿಚ್ಕೊಳ್ರಿ” ಎಂದು ಅವಳೂ ನಗುತ್ತಾಳೆ. ರವಿಕೆ ಹೊಲಿಯುವುದು ಅವಳ ಕಸುಬು. ಕಲ್ಲು ಕಟ್ಟಿಕೊಂಡದ್ದಕ್ಕೆ ಒಂದು ರವಿಕೆ ಕಣ, ಒಂದು ತೆಂಗಿನಕಾಯಿ. ಕಲ್ಲು ಯಾರದೆಂದು ಆಚಾರಿ ಅವಳಿಗೆ ಹೇಳುವುದಿಲ್ಲ. ಕಟ್ಟಿಕೊಳ್ಳುವವಳು ಯಾರೆಂದು ಗಿರಾಕಿಗೂ ಹೇಳುವುದಿಲ್ಲ.

ಈ ಬೇಸಿಗೆಯಲ್ಲಿ ಬಂದ ಕಲ್ಲನ್ನು ಅವಳು ಬಿಸಿಲಿಗೆ ಹಿಡಿದಳು. ಈಗಿನ ಯಂತ್ರದ ಕಲ್ಲಿನಂತೆ ಚುಚ್ಚುವ ಹೊಳಪಲ್ಲ; ಕೈಯಿಂದ ಸಾಣೆ ಹಿಡಿದ, ಸಾವಧಾನದ ಬೆಳಕು. ಆ ಕಾಲದವರು ವಜ್ರದ ತಳದ ಮೊನೆಯನ್ನು ಸವೆಸಿಬಿಡುತ್ತಿದ್ದರು. ಮೇಲಿನಿಂದ ನೋಡಿದರೆ ಅದು ಕಣ್ಣಿನ ಪಾಪೆಯಂಥ ಕಪ್ಪು ಚುಕ್ಕೆ. ಇದರ ಪಾಪೆ ನಡುವೆ ಇರಲಿಲ್ಲ. ತುಸು ಎಡಕ್ಕಿತ್ತು, ಓರೆಯಾಗಿ ಯಾರನ್ನೋ ಕಾಯುವಂತೆ.

ನಲವತ್ತು ವರ್ಷದ ಹಿಂದೆ ಈ ಕಣ್ಣು ಅವಳ ಬೆರಳ ಮೇಲೆ ಒಂಬತ್ತು ದಿನ ಇತ್ತು.

ಆಗ ಅವಳಿಗೆ ಹತ್ತೊಂಬತ್ತು, ಊರು ಸಾಸ್ವೆಹಳ್ಳಿ. ಜಗಳೂರು ಕಡೆಯ ಸೊಕ್ಕೆಯ ಗುರುಬಸವರಾಜ ಉಂಗುರ ತೊಡಿಸಿ ಹೋಗಿದ್ದ. ಒಂಬತ್ತನೆಯ ದಿನ ಮನೆಯಲ್ಲಿ ಹೇಳದೆ ಅವಳನ್ನು ನೋಡಲು ಬಂದ. ಅವಳು ಶರಬತ್ತು ಮಾಡಲು ಒಳಗೆ ಹೋದಳು. ಅವನು ಕಾಲು ತೊಳೆಯಲು ಮನೆ ಹಿಂದಿನ ಹೊಳೆಗೆ ಇಳಿದ. ಲೋಟ ಹಿಡಿದು ಬಂದಾಗ ಮೆಟ್ಟಿಲ ಮೇಲೆ ಚಪ್ಪಲಿಗಳು ಮಾತ್ರ ಇದ್ದವು. ಅವನ ಅಣ್ಣ ಕಲ್ಲೇಶಪ್ಪ, “ಹುಡುಗಿ ಕಾಲ್ಗುಣ” ಎಂದು ಉಂಗುರ ಬಿಚ್ಚಿಸಿಕೊಂಡು ಹೋದರು. ಆ ಮಾತು ಮಾತ್ರ ಉಳಿಯಿತು. ಮತ್ತೊಂದು ಸಂಬಂಧ ಅವಳ ಬಾಗಿಲಿಗೆ ಬರಲಿಲ್ಲ.

ಈಗ ಒಂದು ಮಾತು ಅವಳ ಬಾಯಲ್ಲಿತ್ತು. ಕಲ್ಲು ಕೆಟ್ಟದ್ದು ಎಂದರೆ ನಲವತ್ತು ವರ್ಷದ ದೋಷ ಕಲ್ಲಿನ ಪಾಲಾಗುತ್ತದೆ. ಒಳ್ಳೆಯದು ಎಂದರೆ ಅವಳ ಮೇಲೇ ಉಳಿಯುತ್ತದೆ.

ಮೊದಲ ದಿನ ಮಧ್ಯಾಹ್ನ ಹೊಸ್ತಿಲ ಹೊರಗೆ ಎರಡು ಒದ್ದೆ ಹೆಜ್ಜೆಗಳಿದ್ದವು, ಗಂಡಸಿನವು. ಬೀದಿ ಒಣಗಿ ಕಾದಿತ್ತು. ಎರಡನೆಯ ದಿನ ಅವು ಒಳಗೆ ಬಂದು ಹೊಲಿಗೆ ಯಂತ್ರದ ಬಳಿ ನಿಂತಿದ್ದವು. ಭೀಮಕ್ಕ ಮುಟ್ಟಿ ನೋಡಿದಳು. ತಣ್ಣಗಿತ್ತು, ಬೆರಳಿಗೆ ಹೊಳೆಯ ವಾಸನೆ ಹತ್ತಿತು. ಕಲ್ಲು ವಾಪಸ್ ಮಾಡಲು ಅಷ್ಟೇ ಸಾಕಿತ್ತು. ಅವಳು ಮಾಡಲಿಲ್ಲ. ಮೂರನೆಯ ದಿನ ನಿಂಬೆಹಣ್ಣು ಕೊಯ್ದು, ಶರಬತ್ತು ಮಾಡಿ, ಹೆಜ್ಜೆಗಳ ಮುಂದೆ ಲೋಟ ಇಟ್ಟಳು.

“ತಡ ಆಯ್ತು. ತಗೋರಿ” ಎಂದಳು.

ಸಂಜೆ ಹೊತ್ತಿಗೆ ಹೆಜ್ಜೆಗಳು ಒಣಗಿದ್ದವು. ಲೋಟದಲ್ಲಿ ಒಂದು ಗುಟುಕು ಕಡಿಮೆಯಿತ್ತು. ಬಂದವನು ಕಲ್ಲಿಗಾಗಿ ಬಂದಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

ಯಾವಾಗಲೂ ಆಚಾರಿಯೇ ಬಂದು ಕಲ್ಲು ಒಯ್ಯುತ್ತಿದ್ದ. ಈ ಸಲ ಅವಳೇ ಅಂಗಡಿಗೆ ಹೋದಳು. ಕೋಲು ಹಿಡಿದ ಕಲ್ಲೇಶಪ್ಪ ಬೆಂಚಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಮೊಮ್ಮಗಳು ಚೈತ್ರಶ್ರೀ.

“ಅಜ್ಜಾ, ಈಗ ಹಳೇ ಸಾಣೆದೇ ಫ್ಯಾಷನ್. ನಲವತ್ತು ವರ್ಷ ಡಬ್ಬೀಲಿ ಕೊಳೀತಾ ಬಿದ್ದೈತೆ, ಮನೇಲಿ ಒಬ್ರೂ ಹಾಕ್ಕೊಂಡಿಲ್ಲ.”

“ಫ್ಯಾಷನ್ ಮಾಡಾಕೆ ಹೋಗಿ ಜೀವಕ್ಕೆ ತಂದ್ಕೋಬ್ಯಾಡ, ಸುಮ್ನಿರು.”

“ಭಾವಾರೇ” ಎಂದಳು ಭೀಮಕ್ಕ.

ಮುದುಕರು ತಲೆಯೆತ್ತಿ ಅವಳ ಮಣಿಕಟ್ಟಿನ ದಾರ ನೋಡಿದರು. “ನೀನಾ ಕಟ್ಕೊಂಡಿದ್ದು?”

“ನಾನೇ. ದೋಷ ನನ್ನ ಕಾಲಲ್ಲಿದ್ರೆ, ಕಲ್ಲನ್ನ ಯಾಕೆ ಡಬ್ಬೀಲಿಟ್ರಿ?”

ಕಲ್ಲೇಶಪ್ಪ ಕೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. “ಹೆದರಿಕೆ ಆಗ್ತಿತ್ತವ್ವ” ಎಂದರು. “ಅವತ್ತಿಂದಲೂ.”

“ದೋಷ ನನ್ನ ಮೇಲೆ ಹಾಕಿ ಹೋಗುವಾಗಲೂ?”

ಅವರು ಹೌದೆನ್ನುವಂತೆ ತಲೆಯಾಡಿಸಿದರು.

ಭೀಮಕ್ಕ ಮಣಿಕಟ್ಟಿನ ದಾರ ಬಿಚ್ಚಿ, ಕಲ್ಲನ್ನು ಚೈತ್ರಶ್ರೀಯ ಅಂಗೈಯಲ್ಲಿಟ್ಟಳು. “ಕಲ್ಲು ಒಳ್ಳೇದು ಮಗಳೇ. ನನ್ನ ಕಾಲೂ ಒಳ್ಳೇದೇ. ಅವತ್ತು ಹೊಳೆಗಿಳಿದವರಿಗೆ ಈಜು ಬರ್ತಿರಲಿಲ್ಲ, ಅಷ್ಟೇ. ಸೊಕ್ಕೇಲಿ ಹೊಳೆ ಎಲ್ಲೈತೆ, ಕಲಿಯಾಕೆ?”

“ಮೂರು ದಿನದಾಗೆ ಏನೂ ಕಾಣ್ಲಿಲ್ಲ ತಾನೆ?” ವಾಡಿಕೆಯಂತೆ ಆಚಾರಿ ಕೇಳಿದ.

“ಇಲ್ಲ” ಎಂದಳು. ಆಚಾರಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಮಣಿಕಟ್ಟಿನ ಮೇಲೆ ದಾರದ ಗೆರೆ ಇನ್ನೂ ಕೆಂಪಗಿತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತ ಸಂತೆಬೀದಿಗೆ ಬಂದು, ಭೀಮಕ್ಕ ನಾಲ್ಕು ನಿಂಬೆಹಣ್ಣು ಆರಿಸಿಕೊಂಡಳು.